ಅಪ್ಪ ಇಟ್ಟ ಬಾಗಿಲು

ನೀವು ನಂಬಿ, ಬಿಡಿ. ನಾನಂತೂ ಆಡಿದ ಮಾತು ಬದಲಿಸುವವಳಲ್ಲ.

ನಗರಸಭೆಯ ನೆಲಮಾಳಿಗೆಯಲ್ಲಿ ಯುದ್ಧ ಸ್ಮಾರಕದ ಹಳೆಯ ಮಾದರಿಗಳಿವೆ. ಎಲ್ಲವೂ ರಟ್ಟಿನವು, ಒಂದನ್ನೂ ಕಟ್ಟಲಿಲ್ಲ. ಅವುಗಳ ಧೂಳು ಒರೆಸಿ ರಿಪೇರಿ ಮಾಡುವುದು ನನ್ನ ಕೆಲಸ. ಒಂದು ನಮ್ಮಪ್ಪ ಮಾಡಿದ್ದು. ಉಳಿದವರೆಲ್ಲ ಕಂಬ ನಿಲ್ಲಿಸಿದ್ದರೆ, ಅಪ್ಪ ಕೋಣೆ ಮಾಡಿ, ಒಳಗೆ ಬೆಂಚು ಹಾಕಿ, ಬಾಗಿಲಿಟ್ಟಿದ್ದ. "ಸತ್ತೋರು ಬಂದು ಕೂತ್ಕೋತಾರಾ?" ಎಂದು ಸಮಿತಿಯವರು ನಕ್ಕು ತಳ್ಳಿಹಾಕಿದ್ದರು. ಕೊನೆಗೆ ಕಂಬವೂ ಏಳಲಿಲ್ಲ.

ಈ ಬೇಸಿಗೆಯಲ್ಲಿ ಆ ಪುಟ್ಟ ಬಾಗಿಲ ಹತ್ತಿರ ಕೈ ಒಯ್ದರೆ ತಣ್ಣಗೆ ಕೊರೆಯುತ್ತಿತ್ತು. ಒದ್ದೆ ಬೂಟಿನ ವಾಸನೆ ಬರುತ್ತಿತ್ತು. ಬಾಗಿಲ ಮುಂದಿನ ರಟ್ಟಿನ ಮೆಟ್ಟಿಲ ಮೇಲೆ ಸಾಸಿವೆಯಷ್ಟು ಹಸಿ ಮಣ್ಣು. ಒರೆಸಿದರೆ ಮರುದಿನ ಮತ್ತೆ. ಮೆಟ್ಟಿಲು ನಡುವೆ ಸವೆಯಿತು. ಹೊಸ ರಟ್ಟು ಅಂಟಿಸಿದೆ. ಅದೂ ಸವೆಯಿತು.

ಮೊನ್ನೆ ಬೆಳಿಗ್ಗೆ ಇಂಜಿನಿಯರ್ ಬಂದರು. "ಫೈಲುಗಳಿಗೆ ಜಾಗ ಬೇಕು. ಇದನ್ನೆಲ್ಲ ಒಡೆದು ಹಾಕಮ್ಮ."

"ಬೇರೆಯವನ್ನ ಒಡೀತೀನಿ ಸಾರ್. ಇದನ್ನ ಮುಟ್ಟಲ್ಲ."

"ನಿಮ್ಮಪ್ಪಂದು ಅಂತಾನಾ?"

"ಅದಕ್ಕಲ್ಲ. ಒಳಗೆ ಜನ ಇದ್ದಾರೆ."

ಅವರು ನಕ್ಕು, ತಾವೇ ಎತ್ತಲು ಬಾಗಿದರು. ನಾನು ಒಂದೇ ಕೈಯಲ್ಲಿ ಎತ್ತಿ ಒರೆಸುತ್ತಿದ್ದ ರಟ್ಟು ಅದು. ಅಲುಗಲಿಲ್ಲ. ಜವಾನನೂ ಕೈ ಜೋಡಿಸಿದ. ಇಬ್ಬರೂ ಬೆವರಿದರು.

"ಇದರೊಳಗೆ ಏನಮ್ಮ ತುಂಬಿದೀಯ?"

"ನಾನೇನೂ ತುಂಬಿಲ್ಲ ಸಾರ್. ಬಾಗಿಲು ಮುಚ್ಚಲಿಲ್ಲ, ಅಷ್ಟೇ."

ನನ್ನನ್ನು ಬೇರೆ ಕಡೆಗೆ ಎತ್ತಿಹಾಕುತ್ತಾರಂತೆ. ಹಾಕಲಿ, ನೆಲಮಾಳಿಗೆಯ ಬೀಗದ ಕೈ ಮಾತ್ರ ಕೊಡುವುದಿಲ್ಲ. ನಿನ್ನೆ ಹೋಗಿ ನೋಡಿದೆ. ಅಪ್ಪನ ಮಾದರಿ ಇಟ್ಟಿದ್ದ ಮೇಜಿನ ಕಾಲುಗಳು ಸಿಮೆಂಟಿನ ನೆಲದೊಳಗೆ ಬೆರಳುದ್ದ ಇಳಿದಿದ್ದವು. ಮೆಟ್ಟಿಲ ಮೇಲೆ ಆಗತಾನೇ ಬಿದ್ದ ಹಸಿ ಮಣ್ಣಿತ್ತು.