ನಾಲ್ಕನೆಯ ನಲ್ಲಿ

ಇದು ನಡೆದದ್ದು. ಇದಕ್ಕೆ ಉಪ್ಪು ಹುಳಿ ಬೆರೆಸಬೇಕಾಗಿಯೂ ಇಲ್ಲ; ಹುಳಿ ಆ ಪೈಪುಗಳಲ್ಲೇ ಬೇಕಾದಷ್ಟಿತ್ತು.

ಮುಚ್ಚಿಹೋದ ಬಾರಿನ ಹಿಂದಿನ ಕೋಣೆಯಲ್ಲಿ ಅಜ್ಜಿ ಗೋಣಿಚೀಲ ಸರಿಸಿದಳು. ಕೆಳಗೆ ಹಿತ್ತಾಳೆಯ ಕಂಬ. ಕಂಬಕ್ಕೆ ಸಾಲಾಗಿ ನಾಲ್ಕು ಬಿಯರ್ ನಲ್ಲಿ, ಕಪ್ಪು ಮರದ ನಾಲ್ಕು ಹಿಡಿ. ಹಿಂದುಗಡೆಯಿಂದ ನಾಲ್ಕು ಉದ್ದನೆಯ ಪೈಪುಗಳು ಕರುಳಿನಂತೆ ಜೋತುಬಿದ್ದಿದ್ದವು. ಪೀಪಾಯಿಯ ಬಿಯರು ಅವುಗಳಲ್ಲಿ ಏರಿ ಬಂದು ನಲ್ಲಿಯಲ್ಲಿ ನೊರೆಯಾಗಿ ಇಳಿಯಬೇಕು. ಈಗ ಇಳಿಯುತ್ತಿದ್ದದ್ದು ವಾಸನೆಯೊಂದೇ: ಹಳಸಿದ ಹಿಟ್ಟು, ಒದ್ದೆ ಕಬ್ಬಿಣ, ಜ್ವರದವನ ಬಾಯಿ.

"ಮೂರನ್ನ ಹೇಗ್ ಬೇಕಾದ್ರೂ ತೊಳ್ಕೊಳಪ್ಪಾ. ಎಡಗಡೆ ಕೊನೇದಿದೆಯಲ್ಲ, ಅದರ ಪೈಪಿಗೆ ಮಾತ್ರ ಬಾಯಿ ಇಡಬೇಡ. ಊದಬೇಡ, ಹೀರಬೇಡ."

"ಯಾಕಜ್ಜಿ, ಅದು ಹಲ್ಲುಜ್ಜಿಲ್ವಾ?" ಎಂದ ಕೊಳ್ಳಲು ಬಂದವನು.

ಅವನಿಗೆ ಎಲ್ಲರೂ ನಕಲಿ ಎನ್ನುತ್ತಿದ್ದರು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಅರ್ಧ ಕಾಲೇಜನ್ನೇ ಮನೆಗೆ ಕಳಿಸಿದ ಮೇಲೆ ಆ ಹೆಸರೇ ಅಸಲಿಯಾಗಿ ಉಳಿದುಬಿಟ್ಟಿತ್ತು. ಗಂಟಲೇ ಅವನ ಬಂಡವಾಳ. ಹದಿನೈದು ವರ್ಷ ಊರೂರು ಸುತ್ತಿ ವೇದಿಕೆಯ ಮೇಲೆ ಕಂಡವರ ದನಿ ತೆಗೆದು ನಗಿಸಿದ್ದ. ಈಗ ಹೆಂಡತಿಯ ತಮ್ಮನನ್ನು ಜೊತೆಗೆ ಹಾಕಿಕೊಂಡು ಪುಟ್ಟ ಬಿಯರ್ ಅಂಗಡಿ ತೆರೆಯುವವನಿದ್ದ. ಬಿಯರು ಎಲ್ಲಿ ಬೇಕಾದರೂ ಸಿಗುತ್ತದೆ. ದಿನಾ ಸಂಜೆ ನಕಲಿಯ ದನಿ ಇಲ್ಲಿ ಮಾತ್ರ ಎಂಬುದು ಅವರ ಲೆಕ್ಕ. ಬಾಗಿಲ ಮೇಲಿನ ಬೋರ್ಡಿನಲ್ಲಿ ಬರೆಸಿದ್ದೂ ಅದನ್ನೇ.

ಅಜ್ಜಿ ನಗಲಿಲ್ಲ. "ನಮ್ಮನೆಯವರಿಗೂ ಹೀಗೇ, ಎಲ್ಲಾರನ್ನೂ ಆಡ್ಕೊಳ್ಳೋ ಚಟ. ಒಬ್ಬ ತೊದಲೋನು ಬರ್ತಿದ್ದ. ದಿನಾ ಅವನ ಥರಾನೇ ತೊದಲಿ ತೋರ್ಸೋರು. ಬಾರಿಗೆ ಬಾರೇ ನಗೋದು. ಒಂದಿನ ಅವನು ಮಾಟ ಮಾಡಿಸ್ದ. ಆ ಪೈಪೊಳಗೆ ಏನು ತುರುಕಿದ್ನೋ, ಪೈಪು ಕಟ್ಕೊಂಡಿತು. ಇವರು ಬಾಯಿಟ್ಟು ಊದಿದ್ರು." ಅವಳು ಗೋಣಿಯ ಅಂಚನ್ನು ಹಿಂಡಿದಳು. "ಅವತ್ತು ಹೋದ ದನಿ ಬರ್ಲೇ ಇಲ್ಲ. ಏಳು ವರ್ಷ ಮೂಕರಾಗಿದ್ದು ಹೋದ್ರು. ದನಿ ಅದರಲ್ಲೇ ಇದೆ. ನಂಗಿನ್ನು ಕೇಳಿಸ್ಕೊಳ್ಳೋಕಾಗಲ್ಲ, ಅದಕ್ಕೇ ಮಾರ್ತಿರೋದು."

"ಇರೋ ದನಿಗಳ ಜೊತೆ ಅದೂ ಇರ್ಲಿ ಬಿಡಜ್ಜಿ."

"ಒಳಗೆ ಒಬ್ಬರಿಗೇ ಜಾಗ ಕಣಪ್ಪಾ," ಎಂದಳು ಅಜ್ಜಿ, ಮೆಲ್ಲಗೆ.

ಕಂಬ, ಪೈಪು ಎಲ್ಲ ಕೊಂಡು ಗಾಡಿಗೆ ಹೇರಿ ಹಿಂದಿರುಗುವ ದಾರಿಯುದ್ದಕ್ಕೂ ನಕಲಿ ಅಜ್ಜಿಯ ದನಿಯಲ್ಲಿ 'ಒಬ್ಬರಿಗೇ ಜಾಗ ಕಣಪ್ಪಾ' ಎನ್ನುತ್ತ ಭಾವಮೈದನ ಪಕ್ಕೆಗೆ ತಿವಿದ. ಆ ಭಾವಮೈದ ಹಲ್ಲಿ ಲೊಚಗುಟ್ಟಿದರೂ ಬೆಚ್ಚುವವನು. ಮನೆಯಲ್ಲಿ ಅವನನ್ನು ಪುಕ್ಕಲ ಎಂದೇ ಕರೆಯುತ್ತಿದ್ದರು. ಹಿಂದಿನ ವಾರವಷ್ಟೇ ಭಾವ ಅಕ್ಕಿ ಡಬ್ಬಿಯೊಳಗೆ ಫೋನಿಟ್ಟು, ರೆಕಾರ್ಡ್ ಮಾಡಿದ ಗೋಳಾಟ ಕೇಳಿಸಿ ಅವನನ್ನು ಮೆಟ್ಟಿಲಿಂದ ಉರುಳಿಸಿದ್ದ.

ಅಂಗಡಿ ತೆರೆಯುವ ದಿನ ಬಂತು. ಕೌಂಟರಿನ ಮೇಲೆ ಕಂಬ ನಿಲ್ಲಿಸಿಯಾಗಿತ್ತು. ಬೆಳಗಿನಿಂದ ಇಬ್ಬರೂ ತೊಳೆಯುವುದೇ ತೊಳೆಯುವುದು. ನಲ್ಲಿಗಳನ್ನು ಸ್ಪ್ಯಾನರ್ ಹಾಕಿ ಬಿಚ್ಚಿದರು. ಕೊಳೆತ ವಾಷರ್‌ಗಳನ್ನು ಕಿತ್ತೆಸೆದರು. ಬ್ರಷ್ಷಿಗೆ ಕಂದು ಲೋಳೆ ಎಳೆಯೆಳೆಯಾಗಿ ಅಂಟಿ ಬಂತು. ಮೂರು ಪೈಪುಗಳಿಗೆ ಕೊಳೆ ಬಿಡಿಸುವ ಮದ್ದಿನ ನೀರು ತುಂಬಿ, ನೆನೆಸಿ, ಬಿಯರ್ ಏರಿಸುವ ಗ್ಯಾಸಿನ ಒತ್ತಡದಿಂದ ನೂಕಿದರು. ಮೊದಲು ಚಹಾದಂಥ ನೀರು, ಆಮೇಲೆ ಮಜ್ಜಿಗೆಯಂಥದು, ಕೊನೆಗೆ ತಿಳಿ.

ಎಡಗಡೆಯದು ಮಾತ್ರ ಹನಿಯನ್ನೂ ಬಿಡಲಿಲ್ಲ. ಅಷ್ಟರಲ್ಲಿ ಸಿಲಿಂಡರಿನ ಗ್ಯಾಸೂ ಮುಗಿಯಿತು.

"ಮೂರೇ ಸಾಕು ಭಾವ. ಅಜ್ಜಿ ಹೇಳಿದಾರಲ್ಲ."

"ನೀನು ನಲ್ಲಿ ಹತ್ರ ನಿಂತ್ಕೊ. ಹಿಡಿ ಎಳೆದು ಹಿಡಿ. ನೀರು ಬಂದ್ರೆ ಕೂಗು." ನಕಲಿ ಕಣ್ಣು ಮಿಟುಕಿಸಿ ಅಂಗಡಿಯ ಹಿಂದಿನ ಕೋಣೆಗೆ ಹೋದ.

ಅದು ಪೀಪಾಯಿ ಇಡುವ ಕೋಣೆ. ಕಿಟಕಿ ಇಲ್ಲ. ಹೊರಗೆ ನಡುಮಧ್ಯಾಹ್ನ, ಒಳಗೆ ಕಣ್ಣಿಗೆ ಬಟ್ಟೆ ಕಟ್ಟಿದಂಥ ಕತ್ತಲು. ಕೂಲರ್ ಒಂದೇ ಸಮನೆ ಗೊರಕೆ ಹೊಡೆಯುತ್ತಿತ್ತು. ಪೈಪುಗಳು ಗೋಡೆಯ ತೂತಿನಿಂದ ಇಳಿದು ನೆಲದ ಮೇಲೆ ಸುತ್ತಿಕೊಂಡಿದ್ದವು. ಅವನು ತಡಕಾಡಿ ನಾಲ್ಕನೆಯದರ ತುದಿ ಹಿಡಿದ. ಅದು ಬೆಚ್ಚಗಿತ್ತು. ಆ ಚಳಿಯಲ್ಲಿ ಬೆಚ್ಚಗಿತ್ತು.

ತುದಿಯನ್ನು ಬಾಯಿಗೆ ಹತ್ತಿರ ತಂದು, ಬಾರಿನ ಮುದುಕನ ದನಿ ಹೇಗಿದ್ದೀತೆಂದು ಊಹಿಸಿ, ಗಂಟಲಲ್ಲಿ ಜಲ್ಲಿ ಅರೆದ.

"ಕೊನೇ ಗ್ಲಾಸು ಯಾರದ್ರಪ್ಪೋ!"

ಗೋಡೆಯಾಚೆ ಪುಕ್ಕಲ ಚೀರಿದ. ಏನೋ ಠಣಾರೆಂದು ಬಿತ್ತು. "ಭಾವ! ಬೇಡ ಭಾವ! ನಿನ್ ಕಾಲಿಗ್ ಬೀಳ್ತೀನಿ!"

ನಕಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಎದೆ ತುಂಬ ಉಸಿರೆಳೆದು ತುಟಿಯಿಟ್ಟು ಊದಿದ.

ಉಸಿರು ಹೋಯಿತು. ನಿಲ್ಲಲಿಲ್ಲ. ಅವನು ಊದುವುದನ್ನು ನಿಲ್ಲಿಸಿದ. ಉಸಿರು ಹೋಗುತ್ತಲೇ ಇತ್ತು. ಪೈಪು ಹೀರುತ್ತಿತ್ತು. ತುಟಿ ಪೈಪಿಗೆ ಕಚ್ಚಿಕೊಂಡಿತ್ತು. ಎಳೆದ. ಬಿಡಲಿಲ್ಲ. ಗಂಟಲೊಳಗೆ ಏನೋ ಬೇರಿನ ಸಮೇತ ಅಲುಗಿತು, ಮಗುವಿನ ಹಾಲುಹಲ್ಲಿನಂತೆ. ಒಂದು ಎಳೆತ. ಇನ್ನೊಂದು. ಕಿತ್ತುಬಂತು. ಹೋಯಿತು.

ಆಮೇಲೆ ಅತ್ತಲಿಂದ ಇನ್ನೊಂದು ಬಂತು. ತಣ್ಣಗೆ, ಲೋಳೆಲೋಳೆಯಾಗಿ, ಹುಳಿಯಾಗಿ ಬಾಯಿ ತುಂಬಿ ಇಳಿದು, ಖಾಲಿಯಾದ ಜಾಗದಲ್ಲಿ ಕಾಲು ಚಾಚಿ ಕೂತಿತು.

ನಕಲಿ ಗೋಡೆ ಹಿಡಿದು ಹೊರಗೆ ಓಡಿದ. 'ಡಾಕ್ಟರ್' ಎನ್ನಲು ಬಾಯಿ ತೆರೆದ.

"ಕೊನೇ ಗ್ಲಾಸು ಯಾರದ್ರಪ್ಪೋ!"

ಅದು ಅವನು ಊಹಿಸಿದ ದನಿಯಾಗಿರಲಿಲ್ಲ. ಇನ್ನೂ ತೆಳ್ಳಗಿತ್ತು. ಇನ್ನೂ ಮುದಿಯಾಗಿತ್ತು. ಮಾತಿನ ತುದಿಯಲ್ಲಿ ಗೊರಗೊರ ಕಫವಿತ್ತು.

ಪುಕ್ಕಲ ಕೌಂಟರಿನ ಕೆಳಗಿನಿಂದ ತಲೆಯೆತ್ತಿದ. ಬಿಳಿಚಿದ ಮುಖ ನಿಧಾನವಾಗಿ ಕೆಂಪೇರಿತು. "ಥೂ ನಿನ್ನ! ಜೀವ ಬಾಯಿಗ್ ಬಂದಿತ್ತು ಭಾವ!"

'ನಾನಲ್ಲ ಕಣೋ' ಎಂದು ಅವನ ತುಟಿಗಳು ಆಡಿದವು. ಹೊರಗೆ ಬಂದದ್ದು: "ಎದ್ದೇಳ್ರೋ, ಬಾಗ್ಲು ಹಾಕ್ಬೇಕು!" ಅವನು ಗಂಟಲು ಹಿಸುಕಿಕೊಂಡ. ಕೆನ್ನೆಗೆ ತಾನೇ ಬಾರಿಸಿಕೊಂಡ. ಪುಕ್ಕಲನ ಕಾಲರ್ ಹಿಡಿದು ಅಲ್ಲಾಡಿಸಿದ. ಕಣ್ಣಲ್ಲಿ ನೀರು ಧಾರೆಯಾಯಿತು.

"ಅಬ್ಬಬ್ಬಾ, ಏನ್ ಆ್ಯಕ್ಟಿಂಗು! ಅಳು ಬೇರೆ!" ಪುಕ್ಕಲ ಚಪ್ಪಾಳೆ ತಟ್ಟಿದ.

ಆಗಲೇ ಹೆಂಡತಿ ಗ್ಲಾಸುಗಳ ಪೆಟ್ಟಿಗೆ ಹೊತ್ತು ಬಾಗಿಲಲ್ಲಿ ನಿಂತದ್ದು. ನಾಲ್ಕನೆಯ ನಲ್ಲಿಯ ಹಿಡಿ ಇನ್ನೂ ತೆರೆದೇ ಇತ್ತು.

"ಗುಬ್ಬೀ," ಎಂದಿತು ನಲ್ಲಿ.

ಯಾರ ನಕಲೂ ಅಲ್ಲದ ದನಿ. ದೀಪ ಆರಿಸಿದ ಮೇಲೆ ಅವಳೊಬ್ಬಳಿಗೇ ಕೇಳಿಸುತ್ತಿದ್ದ ದನಿ. ಅವಳನ್ನು ಹಾಗೆ ಕರೆಯುವವನು ಲೋಕದಲ್ಲಿ ಒಬ್ಬನೇ.

"ಗುಬ್ಬೀ, ನಾನಿಲ್ಲಿದೀನಿ. ಕತ್ತಲು ಕಣೇ. ತೆಗಿಯೇ ನನ್ನ."

ಅವಳು ನಾಚಿ ಸುತ್ತ ನೋಡಿದಳು. "ರೀ, ತಮ್ಮನ ಎದುರಿಗೆ ಇದೇನ್ರೀ?"

ನಕಲಿ ಅವಳ ಕಾಲ ಬಳಿ ಕುಸಿದ. ಸೆರಗು ಹಿಡಿದು ನಲ್ಲಿಯತ್ತ ಬೆರಳು ತೋರಿಸಿದ, ತನ್ನ ಎದೆಯತ್ತ ತೋರಿಸಿದ, ಮತ್ತೆ ನಲ್ಲಿಯತ್ತ. ಅವನ ಬಾಯಿಂದ ಸತ್ತ ಮುದುಕ, ಅವಳು ಯಾರೆಂಬುದನ್ನೇ ಅರಿಯದೆ, ಆರ್ಡರ್ ಕೇಳಿದ.

"ಫೋನಲ್ಲಿ ರೆಕಾರ್ಡ್ ಮಾಡಿ ಪೈಪೊಳಗೆ ಬಿಟ್ಟಿದಾನೆ ಅಕ್ಕಾ! ಅಕ್ಕಿ ಡಬ್ಬಿ ಥರಾನೇ!" ಪುಕ್ಕಲ ಕೌಂಟರಿಗೆ ಬಡಿದು ಬಡಿದು ನಕ್ಕ. "ಎರಡು ಸಲ ಮೋಸ ಹೋಗೋಕೆ ನಾನೇನು ಪೆದ್ದನಾ ಭಾವ?"

ಅವಳೂ ನಕ್ಕಳು. ನಗುತ್ತಿದ್ದವಳ ಕಣ್ಣು ನೆಲದ ಮೇಲಿದ್ದವನ ಮುಖದಲ್ಲಿ ಒಂದು ಗಳಿಗೆ ತಡೆಯಿತು. "ರೀ... ಸಾಕು ಎದ್ದೇಳಿ," ಎಂದಳು.

"ಗುಬ್ಬೀ, ಮುಚ್ಚೋಕ್ ಬಿಡಬೇಡ..."

ಪುಕ್ಕಲನ ನಗು ಅಂಗಡಿಯ ಗ್ಲಾಸುಗಳನ್ನೆಲ್ಲ ಗಲಗುಟ್ಟಿಸಿತು. ಇಷ್ಟು ವರ್ಷ ಬೆಚ್ಚಿದ್ದೆಲ್ಲ ಒಟ್ಟಿಗೆ ನಗುವಾಗಿ ಹೊರಬೀಳುತ್ತಿತ್ತು. ಪಕ್ಕೆ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುತ್ತ, ಎಲ್ಲರಿಗಿಂತ ಜೋರಾಗಿ ನಗುತ್ತಲೇ ಅವನು ಕೈ ಚಾಚಿ ನಾಲ್ಕನೆಯ ಹಿಡಿಯನ್ನು ಹಿಂದಕ್ಕೆ ನೂಕಿ ಮುಚ್ಚಿದ.