ಆಮೆಯ ಹೊಟ್ಟೆಯ ಭಾರ

ಭಾನುವಾರ ಹಿಮ ಬೀಳಲಿತ್ತು. ಬಿದ್ದರೆ ಬೆಟ್ಟದ ದಾರಿ ಆರು ತಿಂಗಳು ಬಂದ್. ಅಷ್ಟರೊಳಗೆ ಅಮ್ಮನ ತಂಗಿ ಚಿಕ್ಕಮ್ಮನನ್ನು ಮನೆಗೆ ಕರೆತರಬೇಕಿತ್ತು. ಬೆಟ್ಟದಾಚೆ ಒಬ್ಬಳೇ ಡೇರೆ ಹಾಕಿಕೊಂಡು ಮಂಜುಗಡ್ಡೆ ಅಳೆಯುತ್ತಿದ್ದ ಅವಳು, ಈಗ ಕಾಲು ಉಳುಕಿಸಿಕೊಂಡು ಕೂತಿದ್ದಳು.

ಶುಕ್ರವಾರ ಬೆಳಿಗ್ಗೆ ತಂಡ ಸಿದ್ಧವಾಯಿತು. ಸ್ಟೀರಿಂಗ್ ಹಿಡಿದವಳು ಅಮ್ಮ. ಶಾಲೆಯ ವ್ಯಾನು ಓಡಿಸಿ ಪಳಗಿದ ಕೈ. ಪಕ್ಕದಲ್ಲಿ ನಕ್ಷೆ ಹಿಡಿದ ಅಪ್ಪ. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕಸುಬು. ಹಿಂದೆ ಅಮ್ಮನ ತಾಯಿ ದರ್ಜಿ ಅಜ್ಜಿ, ಮತ್ತು ಒಂಬತ್ತು ವರ್ಷದ ಮಗಳು ಗುಬ್ಬಿ. ವಾಹನ, ಒಲೆ ಹಾಸಿಗೆ ಎಲ್ಲ ಇದ್ದ ಹಳೆಯ ಮೋಟರ್‌ಹೋಮ್. ಮನೆ ಹೊತ್ತು ಮೆಲ್ಲಗೆ ನಡೆಯುವುದರಿಂದ ಅದಕ್ಕೆ ಆಮೆ ಎಂದೇ ಹೆಸರು.

"ಯಾರೂ ಹೆಚ್ಚಿಗೆ ಸಾಮಾನು ತುಂಬಿಲ್ಲ ತಾನೆ?" ಅಮ್ಮ ಕೇಳಿದಳು.

"ಇಲ್ಲಪ್ಪ!" ಎಂದವು ಮೂರು ದನಿಗಳು ಒಟ್ಟಿಗೆ. ಅನುಮಾನ ಆಗಲೇ ಬರಬೇಕಿತ್ತು.

ಮಧ್ಯಾಹ್ನಕ್ಕೆ ಕಾಡು ಮುಗಿದು ಬರೀ ಬಂಡೆ ಉಳಿಯಿತು. ಬಂಡೆಗಳ ಸಂದಿಯಲ್ಲಿ ಹಳದಿ ಹುಲ್ಲು ಗಾಳಿಗೆ ಬಾಗುತ್ತಿತ್ತು. ದೂರದ ಶಿಖರಗಳು ಈಗಷ್ಟೇ ಒಗೆದು ಹರವಿದಂತೆ ಬೆಳ್ಳಗಿದ್ದವು. ಆಮೆ ಏದುಸಿರು ಬಿಡುತ್ತಾ ನೆತ್ತಿ ಮುಟ್ಟಿತು. ಅಲ್ಲಿನ ಕಾವಲುಗಾರ ದಾರಿಯ ಗೇಟೆತ್ತಿ ಕೈ ಬೀಸಿದ. ಇನ್ನು ಇಳಿಜಾರು.

ಆರನೇ ತಿರುವಿನಲ್ಲಿ ಅಜ್ಜಿ ಮೂಗರಳಿಸಿದಳು. "ಏನೋ ಸುಟ್ಟ ವಾಸನೆ ಕಣೇ."

ಅಮ್ಮ ಬ್ರೇಕ್ ಒತ್ತಿದಳು. ಪೆಡಲು ಹಿಟ್ಟಿನ ಮುದ್ದೆಯಂತೆ ಮೆತ್ತಗೆ ಒಳಗಿಳಿಯಿತು.

ಆಮೆ ನಿಲ್ಲಲಿಲ್ಲ.

"ಎಲ್ಲರೂ ಗಟ್ಟಿ ಹಿಡ್ಕೊಳ್ಳಿ!"

ಎರಡನೇ ಗೇರು. ಇಂಜಿನ್ ಅರಚಿತು. ಅಮ್ಮ ಪೆಡಲನ್ನು ಪಟಪಟನೆ ತುಳಿದಳು, ಕೈಬ್ರೇಕನ್ನು ಒಂದೊಂದೇ ಹಲ್ಲು ಎಳೆದಳು. ಹಿಂದೆ ತಟ್ಟೆಗಳು ಧಡಧಡ ಉರುಳಿದವು.

"ಬಲಕ್ಕೆ! ಜಲ್ಲಿ ದಾರಿ!" ನಕ್ಷೆ ನೋಡಿ ಅಪ್ಪ ಕೂಗಿದ.

ಬ್ರೇಕ್ ಕೈಕೊಟ್ಟ ಲಾರಿಗಳಿಗೆಂದು ಮಾಡಿದ, ಮೇಲಕ್ಕೇರುವ ಜಲ್ಲಿಯ ಹಾದಿ ಅದು. ಅಮ್ಮ ಸ್ಟೀರಿಂಗ್ ತಿರುಗಿಸಿದಳು. ಜಲ್ಲಿ ಸಿಡಿಯಿತು. ಆಮೆ ಹೊಟ್ಟೆಯವರೆಗೂ ಹೂತು, ಉಸ್ಸೆಂದು ನಿಂತಿತು.

ಎಲ್ಲರೂ ಇಳಿದರು, ಎಲ್ಲರೂ ನೆಟ್ಟಗಿದ್ದರು. ಚಕ್ರಗಳಿಂದ ಹೊಗೆ ಬರುತ್ತಿತ್ತು. ಅಪ್ಪ ಬಕೆಟ್ ಹಿಡಿದು ಓಡಿ ಬಂದ.

"ಬೇಡ ಮಾರಾಯ್ರೆ! ಕಾದ ಕಬ್ಬಿಣಕ್ಕೆ ನೀರು ಹಾಕಿದ್ರೆ ಸೀಳತ್ತೆ. ತಾನಾಗೇ ಆರ್ಲಿ." ಅಮ್ಮ ಸೊಂಟಕ್ಕೆ ಕೈಯಿಟ್ಟಳು. "ಖಾಲಿ ಆಮೆ ಹೀಗೆ ಮಾಡಲ್ಲ. ಭಾರಕ್ಕೇ ಬ್ರೇಕ್ ಕಾದಿರೋದು. ಯಾರ್ಯಾರು ಏನೇನು ಬಚ್ಚಿಟ್ಟಿದ್ದೀರಿ?"

ಅಪ್ಪನ ಮಂಚದಡಿಯಿಂದ ನಲವತ್ತು ಪುಸ್ತಕ ಹೊರಬಂದವು. ನಾದಿನಿಗೆ ಬೇಸರ ಕಳೆಯಲಂತೆ. ಗುಬ್ಬಿಯ ಚೀಲದಲ್ಲಿ ಉಡುಗೊರೆಯ ಬಣ್ಣದ ಕಲ್ಲುಗಳು. ಅಜ್ಜಿಯ ಕಂಬಳಿಯೊಳಗೆ ಎರಕದ ಕಬ್ಬಿಣದ ಹೊಲಿಗೆ ಯಂತ್ರ.

"ಡೇರೆ ಹರಿದಿದೆ ಅಂದಿದ್ಲಲ್ಲ, ಪಾಪ."

"ನಾವು ಹೋಗ್ತಿರೋದು ಅವಳನ್ನ ಕರ್ಕೊಂಡು ಬರೋಕೆ ಅತ್ತೆ! ಡೇರೆ ಯಾರಿಗೆ ಹೊಲೀತೀರಿ?"

"ನಿಮ್ಮ ಪುಸ್ತಕ ಯಾರು ಓದ್ತಾರೆ, ಅಳಿಯಂದಿರೇ?"

ಅಮ್ಮ ಗದರಲು ಬಾಯಿ ತೆರೆದವಳು ಹಾಗೇ ನಿಂತಳು. ತಂಗಿಗೆ ಬಿಸಿನೀರಿನ ಸ್ನಾನವಾಗಲೆಂದು ನೀರಿನ ಟ್ಯಾಂಕನ್ನು ಕುತ್ತಿಗೆಮಟ್ಟ ತುಂಬಿಸಿದ್ದವಳು ಅವಳೇ. ನೂರ ಇಪ್ಪತ್ತು ಕಿಲೋ! ಮೊದಲು ನಕ್ಕವಳೂ ಅವಳೇ. ಆಮೇಲೆ ಬೆಟ್ಟವೇ ನಕ್ಕಂತೆ ಮಾರ್ದನಿ ಬಂತು.

ನೀರು ಚೆಲ್ಲಿದರು. ಯಂತ್ರ, ಪುಸ್ತಕ, ಕಲ್ಲುಗಳನ್ನು ಹತ್ತಿರದ ರಸ್ತೆ ಕೆಲಸಗಾರರ ಶೆಡ್ಡಿನಲ್ಲಿ ಇಳಿಸಿದರು. ಚಕ್ರಗಳು ತಣ್ಣಗಾದ ಮೇಲೆ ಅಮ್ಮ ಸುತ್ತಲ ಜಲ್ಲಿ ತೋಡಿ ಆಮೆಯ ಕೆಳಗೆ ನುಸುಳಿ, ಕುದಿದು ಕೆಟ್ಟ ಬ್ರೇಕ್ ಎಣ್ಣೆ ಇಳಿಸಿ, ಶೆಡ್ಡಿನಲ್ಲಿ ಸಿಕ್ಕ ಹೊಸದು ತುಂಬಿದಳು. ಗುಬ್ಬಿಗೆ ಪೆಡಲಿನ ಕೆಲಸ.

"ತುಳಿ! ಹಿಡಿ! ಬಿಡು!"

"ಅಮ್ಮಾ, ಗಟ್ಟಿಯಾಯ್ತು! ಕಲ್ಲಿನ ಹಾಗೆ!"

ಕೆಲಸಗಾರರ ಟ್ರಾಕ್ಟರು ಆಮೆಯನ್ನು ಜಲ್ಲಿಯಿಂದ ಎಳೆಯಿತು. ಉಳಿದ ಇಳಿಜಾರನ್ನು ಆಮೆ ಎರಡನೇ ಗೇರಿನಲ್ಲೇ ಇಳಿಯಿತು. ಸಂಜೆ ಅಪ್ಪ ಮೊಣಕಾಲುಮಟ್ಟದ ಹೊಳೆ ದಾಟಿ, ಡೇರೆಯಲ್ಲಿದ್ದ ಚಿಕ್ಕಮ್ಮನನ್ನು ಬೆನ್ನ ಮೇಲೆ ಹೊತ್ತು ತಂದ.

ಶನಿವಾರ ಬೆಳಿಗ್ಗೆ ಮೋಡ ಒಂದು ದಿನ ಮುಂಚೆಯೇ ಕವಿಯಿತು. ಆದರೂ ಅಮ್ಮ ಅವಸರ ಮಾಡಲಿಲ್ಲ. ಚಿಕ್ಕಮ್ಮನ ಮಂಜುಗಡ್ಡೆ ತೂಗುವ ತಕ್ಕಡಿಗೆ ಪ್ರತಿ ಚೀಲವನ್ನೂ ನೇತುಹಾಕಿದಳು. ಡೈರಿಗಳು, ಮೂರು ಕಿಲೋ. ಡೇರೆ, ನಾಲ್ಕು. ಪುಟ್ಟ ಕೆಂಪು ಚೀಲ, ಹದಿನಾಲ್ಕು!

"ಏನೇ ಇದು?"

ಚಿಕ್ಕಮ್ಮ ತಲೆ ತಗ್ಗಿಸಿದಳು. "ಗುಬ್ಬಿಗೆ ಅಂತ... ಹೊಳೆ ಕಲ್ಲು."

"ನಮ್ಮ ರಕ್ತ ಎಲ್ಲಿ ಹೋಗತ್ತೆ!" ಎಂದಳು ಅಜ್ಜಿ. ಗುಬ್ಬಿ ಒಂದೇ ಒಂದು ನೀಲಿ ಕಲ್ಲನ್ನು ಜೇಬಿಗೆ ಹಾಕಿಕೊಂಡು, ಉಳಿದವನ್ನು ಹೊಳೆಗೇ ಒಪ್ಪಿಸಿ ಬಂದಳು.

ದಾರಿಯಲ್ಲಿ ಆ ಶೆಡ್ಡಿನಿಂದ ಯಂತ್ರ ಮಾತ್ರ ಮತ್ತೆ ಹತ್ತಿತು. ಪುಸ್ತಕಗಳನ್ನು ಕೆಲಸಗಾರರು ಬಿಟ್ಟುಕೊಡಲಿಲ್ಲ. ಒಬ್ಬ ಆಗಲೇ ಅರ್ಧ ಓದಿದ್ದ. ನೆತ್ತಿ ದಾಟುವಾಗ ಮೊದಲ ಹಿಮದ ಚೂರು ಗಾಜಿಗೆ ಅಂಟಿತು. ಹಿಂದೆ ಗೇಟು ಇಳಿಯಿತು.

"ಎಲ್ಲ ತೂಗಿದ್ರಿ, ಇವಳನ್ನೇ ತೂಗಲಿಲ್ವಲ್ಲ?" ಅಪ್ಪ ನಾದಿನಿಯತ್ತ ಕಣ್ಣು ಮಿಟುಕಿಸಿದ.

"ಅವಳಿಗೋಸ್ಕರ ತಾನೇ ಜಾಗ ಮಾಡಿದ್ದು," ಎಂದಳು ಅಮ್ಮ.

ಸಂಜೆ ಮನೆಯ ಮುಂದೆ ಅವಳು ಮೆಲ್ಲಗೆ ಬ್ರೇಕ್ ಒತ್ತಿದಳು. ಆಮೆ ಹೂಕುಂಡಕ್ಕೆ ಒಂದು ಗೇಣು ಹಿಂದೆ, ಹೇಳಿದ ಮಾತು ಕೇಳುವ ಮಗುವಿನಂತೆ ನಿಂತಿತು.