ಕಪ್ ಬರುವವರೆಗಿನ ಗಡ್ಡ

ಗಡ್ಡಕ್ಕೆ ಬಲೆ ಕಟ್ಟಿಕೊಂಡು ಬ್ರೆಡ್ ಮಾಡುವ ಗಂಡಸನ್ನು ನೀವು ನೋಡಿದ್ದೀರಾ? ನಾನು ದಿನಾ ನೋಡುತ್ತಿದ್ದೆ. ನನ್ನ ಸಲೂನಿನ ಎದುರಿಗೇ ಅವನ ಬೇಕರಿ. ನಮ್ಮೂರ ನೀಲಿ ಫುಟ್‌ಬಾಲ್ ತಂಡ ಲೀಗ್ ಕಪ್ ಗೆಲ್ಲುವವರೆಗೂ ಗಡ್ಡ ತೆಗೆಯುವುದಿಲ್ಲ ಎಂದು ಅವನು ಶಪಥ ಮಾಡಿದ್ದ. ಸೀಸನ್ ಮೇಲೆ ಸೀಸನ್ ಕಳೆಯಿತು. ಗಡ್ಡ ಎದೆಗಿಳಿಯಿತು, ಕಪ್ ಮಾತ್ರ ಊರಿನ ಕಡೆ ತಲೆ ಹಾಕಲಿಲ್ಲ.

"ಗೆದ್ದ ದಿನ ನಿನ್ನ ಕುರ್ಚಿಯಲ್ಲೇ ಕೂತು ತೆಗೆಸ್ತೀನಿ," ಎಂದಿದ್ದ. ಆ ಒಂದು ಮಾತು ಹಿಡಿದುಕೊಂಡು ಕಾದು ಕೂತ ಪೆದ್ದಿ ನಾನು. ಅಪ್ಪನಿಂದ ಕತ್ತರಿ ಹಿಡಿಯಲು ಕಲಿತ ಕೈ ಇದು, ಊರಿನ ಅರ್ಧ ಗಂಡಸರ ಕೆನ್ನೆ ಮುಟ್ಟಿದೆ, ಯಾರ ಕೆನ್ನೆಗೂ ನಡುಗಿದ್ದಿಲ್ಲ. ಆದರೆ ಅವನ ಮುಖವನ್ನು ಒಂದೇ ಒಂದು ಸಲ ಎರಡೂ ಕೈಯಲ್ಲಿ ಹಿಡಿಯಬೇಕು ಅನ್ನುವ ಆಸೆ ನನ್ನನ್ನು ಬಿಟ್ಟಿರಲಿಲ್ಲ.

ಅತ್ತ ಅಕ್ಕನ ಫೋನು. ಬೇರೆ ಊರಲ್ಲಿ ದೊಡ್ಡ ಸಲೂನ್ ತೆರೆಯುತ್ತಿದ್ದಳು. "ಬಂದು ನನ್ನ ಜೊತೆ ಸೇರ್ಕೋ, ಬರ್ತೀಯೋ ಇಲ್ವೋ ಹೇಳಿಬಿಡು," ಎಂದು ಒಂದೇ ಸಮ. "ಸೀಸನ್ ಮುಗೀಲಿ ತಡಿ," ಎಂದು ನಾನು ಮುಂದೂಡುತ್ತಾ ಬಂದೆ. ಕೂದಲು ಕತ್ತರಿಸುವುದಕ್ಕೆ ಎಂಥ ಸೀಸನ್ನು ಎಂದು ಅಕ್ಕನಿಗೆ ಅರ್ಥವೇ ಆಗಲಿಲ್ಲ.

ಕೊನೆಗೂ ಸೀಸನ್ ಮುಗಿಯಿತು. ಕೊನೆಯ ಪಂದ್ಯ ಕೆಂಪು ತಂಡದ ಮೇಲೆ. ಡ್ರಾ ಆಗಿದ್ದರೂ ಕಪ್ ನಮ್ಮದೇ. ಇನ್ನೇನು ರೆಫರಿ ವಿಸಲ್ ಊದಬೇಕು, ಅಷ್ಟರಲ್ಲಿ ನಮ್ಮ ಡಿಫೆಂಡರ್ ಮಹಾಶಯ ಹಾರಿ ತಲೆ ಕೊಟ್ಟು ಚೆಂಡನ್ನು ನಮ್ಮದೇ ಗೋಲಿನೊಳಕ್ಕೆ ಕಳಿಸಿದ.

ಮರುದಿನ ನಾನು ಅಂಗಡಿ ಗುಡಿಸುತ್ತಿದ್ದಾಗ ಅವನ ಅಮ್ಮ ಏದುಸಿರು ಬಿಡುತ್ತಾ ರಸ್ತೆ ದಾಟಿ ಬಂದರು.

"ಅವನು ಹಿಟ್ಟು ನಾದ್ತಾ ಇಲ್ಲ ಕಣೇ, ಹಿಟ್ಟಿಗೆ ಹೊಡೀತಾ ಇದಾನೆ! ಬನ್ನೆಲ್ಲ ಕಲ್ಲಾಗಿದೆ. ಮಾತಾಡಿಸಿದ್ರೆ ಹಾಂ ಇಲ್ಲ, ಹೂಂ ಇಲ್ಲ. ನೀನಾದ್ರೂ ಬಂದು ಬುದ್ಧಿ ಹೇಳು."

"ನಾನು ಹೇಳಿದ್ರೆ ಕೇಳ್ತಾನಾ ಆಂಟಿ?"

"ಇನ್ಯಾರದ್ದು ಕೇಳ್ತಾನೆ," ಎಂದು ಅವರು ನನ್ನನ್ನು ನೋಡದೆ ಗೋಡೆಯ ಕನ್ನಡಿ ನೋಡಿದರು.

ನಾನು ಹೋದಾಗ ಅವನು ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಗುದ್ದುತ್ತಿದ್ದ. ಕಣ್ಣು ಕೆಂಪಗಿತ್ತು. ಪಾಪ ಅನ್ನಿಸಿತು, ನಗುವೂ ಬಂತು.

"ಆ ಡಿಫೆಂಡರ್‌ಗೆ ತಲೆ ಅನ್ನೋದು ಇದೆಯಾ?" ಎಂದ.

"ಇರೋದ್ರಿಂದಲೇ ಅಲ್ವಾ ಗೋಲ್ ಆಗಿದ್ದು?"

"ನಿನಗೆ ತಮಾಷೆ. ನನ್ನ ಹೊಟ್ಟೆ ಉರೀತಿದೆ. ಇಡೀ ವರ್ಷ ಗೆದ್ದು ಕೊನೇ ಗಳಿಗೇಲಿ ಹೀಗೆ ಮಾಡೋದಾ?"

"ಹೋಗ್ಲಿ ಬಿಡು. ಗಡ್ಡದ ಕಥೆ ಏನು?"

"ಮುಂದಿನ ಸೀಸನ್," ಎಂದು ಮತ್ತೆ ಗುದ್ದಿದ.

ನನ್ನ ಪಿತ್ತ ನೆತ್ತಿಗೇರಿತು. "ಮುಂದಿನ ಸೀಸನ್‌ಗೆ ನಾನಿಲ್ಲಿ ಇರಲ್ಲ. ಅಕ್ಕ ಕರೀತಿದಾಳೆ. ಇವತ್ತು ಸಂಜೆ ಹೂಂ ಅಂದುಬಿಡ್ತೀನಿ."

"ಯಾವೂರಿಗೆ?"

"ಕೆಂಪು ತಂಡದ ಊರಿಗೆ."

ಅವನ ಮುಷ್ಟಿ ಹಿಟ್ಟಿನೊಳಗೇ ನಿಂತುಬಿಟ್ಟಿತು. ಒಂದು ಮಾತು, ಬರೀ ಒಂದು ಮಾತು ಆಡಿದ್ದರೂ ಸಾಕಿತ್ತು. ನಾನು ತಟ್ಟೆಯಿಂದ ಬನ್ನೊಂದನ್ನು ಎತ್ತಿಕೊಂಡು ಹೊರಬಂದೆ. ನಿಜಕ್ಕೂ ಕಲ್ಲೇ.

ಮಧ್ಯಾಹ್ನ ಅಂಗಡಿ ಖಾಲಿ ಇದ್ದ ಹೊತ್ತಿಗೆ ಬಂದ. ಸೀದಾ ಹೋಗಿ ಕುರ್ಚಿಯಲ್ಲಿ ಕೂತ.

"ತೆಗಿ."

"ಏನನ್ನ?"

"ಗಡ್ಡ."

"ನಿಮ್ಮೋರು ಸೋತಿದ್ದಾರೆ ಕಣೋ."

"ಗೊತ್ತು. ತೆಗಿ ಅಂದ್ನಲ್ಲ."

ನಾನು ಕೊರಳಿಗೆ ಬಟ್ಟೆ ಕಟ್ಟಿದೆ. ಮೊದಲು ಕತ್ತರಿ, ಆಮೇಲೆ ಬಿಸಿ ಟವೆಲ್. ಬ್ರಶ್ಶಿನಿಂದ ನೊರೆ ಹಚ್ಚುವಾಗ ಕನ್ನಡಿಯಲ್ಲಿ ನೋಡಿದರೆ ಅವನು ನನ್ನನ್ನೇ ನೋಡುತ್ತಿದ್ದ.

"ಕಣ್ಣು ಮುಚ್ಕೋ."

"ಯಾಕೆ?"

"ನೊರೆ ಬೀಳುತ್ತೆ."

ನೊರೆಯೆಲ್ಲಿ, ಕಣ್ಣೆಲ್ಲಿ! ಅವನು ಮುಚ್ಚಿದಂತೆ ಮಾಡಿ ಒಂದು ಕಣ್ಣನ್ನು ಕಿರಿದಾಗಿ ತೆರೆದ. ರೇಜರ್ ಎತ್ತಿ ಬಲಗೆನ್ನೆಯ ಮೇಲೆ ಕಿವಿಯಿಂದ ಗದ್ದದವರೆಗೆ ಇಳಿಸಿದೆ. ಒಳಗಿಂದ ಬೆಳ್ಳಗಿನ, ಎಳೆ ಹುಡುಗನ ಕೆನ್ನೆಯೊಂದು ಹೊರಬಂತು. ಹೆಬ್ಬೆರಳಿನಿಂದ ಸವರಿ ನೋಡಿದೆ. ಅಷ್ಟು ಹೊತ್ತು ಸವರುವ ಅಗತ್ಯ ಕೆಲಸಕ್ಕೇನೂ ಇರಲಿಲ್ಲ.

"ಶಪಥದಲ್ಲಿ ಇನ್ನೊಂದಿತ್ತು," ಎಂದ ಮೆಲ್ಲಗೆ.

"ಏನು?"

"ಕಪ್ ಬಂದ್ರೆ ಗಡ್ಡ ತೆಗೆಸಿ, ಇದೇ ಕುರ್ಚೀಲಿ ಕೂತು, ನನ್ನ ಮದುವೆ ಆಗ್ತೀಯಾ ಅಂತ ನಿನ್ನ ಕೇಳೋದು."

ರೇಜರ್ ಕೆಳಗಿಟ್ಟೆ. ಮೈಯೆಲ್ಲ ಖುಷಿ, ಬಾಯಲ್ಲಿ ಮಾತ್ರ ಬೆಂಕಿ.

"ಆ ಹನ್ನೊಂದು ಜನರ ಕಾಲ ಕೆಳಗೆ ನನ್ನ ಬದುಕನ್ನ ಇಟ್ಟಿದ್ಯೇನೋ? ಆ ಗೋಲ್‌ಕೀಪರ್‌ನ ನಂಬ್ಕೊಂಡಾ? ಅವನ ಕೈಯಲ್ಲಿ ಚೆಂಡೇ ನಿಲ್ಲಲ್ಲ!"

"ಗೆದ್ದೋರ ಮುಖ ಇಟ್ಕೊಂಡು ಕೇಳೋಣ ಅಂತಿದ್ದೆ. ಸೋತ ಮುಖಾನ ಯಾರು ನೋಡ್ತಾರೆ?"

"ನಾನು ಇಷ್ಟು ವರ್ಷ ನೋಡ್ತಾ ಬಂದಿರೋದು ಅದನ್ನೇ! ನಿಮ್ಮ ತಂಡ ಯಾವತ್ತು ಕಪ್ ಗೆದ್ದಿದೆ?"

ನಾನು ಗಿರಾಕಿಗಳ ಬೆಂಚಿನ ಮೇಲೆ ಕೂತು ಕೈ ಕಟ್ಟಿದೆ. "ಸರಿಯಾಗಿ ಕೇಳೋವರೆಗೂ ಇನ್ನರ್ಧ ಮುಟ್ಟಲ್ಲ. ಹೀಗೇ ಊರೆಲ್ಲ ತಿರುಗು."

ಅವನು ಎದ್ದುಬಂದು ನನ್ನೆದುರು ನಿಂತ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಮೊಂಡು ಗಡ್ಡ, ನೊರೆ. ಇಷ್ಟು ಚೆಂದದ ಮುಖವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

"ನೀನು ಹೋಗೋದಾದ್ರೆ ನಾನೂ ಬರ್ತೀನಿ. ಒಲೆ ಎಲ್ಲಿ ಹಚ್ಚಿದ್ರೂ ಬ್ರೆಡ್ ಬೇಯುತ್ತೆ."

"ಕೆಂಪು ತಂಡದ ಊರಿಗಾ?"

ಅವನು ಎದುರಿನ ತನ್ನ ಬೇಕರಿಯತ್ತ ಒಮ್ಮೆ ನೋಡಿದ. "ಬರ್ತೀನಿ."

"ಅವರಿಗೆಲ್ಲ ದಿನಾ ಬನ್ ಮಾಡಿ ಕೊಡ್ತೀಯಾ?"

"ಕೊಡ್ತೀನಿ. ಸಕ್ಕರೆ ಸ್ವಲ್ಪ ಕಮ್ಮಿ ಹಾಕ್ತೀನಿ, ಅಷ್ಟೇ." ಆಮೇಲೆ ದನಿ ತಗ್ಗಿಸಿ, "ಕಪ್ ಇಲ್ಲ, ಏನೂ ಇಲ್ಲ. ಹೀಗೇ ಕೇಳ್ತಿದೀನಿ. ನನ್ನ ಮದುವೆ ಆಗ್ತೀಯಾ?"

ನನ್ನ ಕಣ್ಣು ತುಂಬಿಬಂತು. ಈ ಪ್ರಾಣಿ ನನಗಾಗಿ ಕೆಂಪು ಧ್ವಜಗಳ ಮಧ್ಯೆ ಬಾಳಲು ತಯಾರಾಗಿದ್ದ. ಇದಕ್ಕಿಂತ ಇನ್ನೇನು ಬೇಕು ಹೇಳಿ!

"ಆಗ್ತೀನಿ. ಆದ್ರೆ ಅಲ್ಲಿಗೆ ಹೋಗೋದು ಬೇಡ. ನಿನ್ನ ಬನ್ ತಿಂದು ಅವರು ಇನ್ನೂ ಜೋರಾಗಿ ಆಡಿಬಿಟ್ರೆ?"

ಅವನು ಬಾಗಿ ನನ್ನ ಹಣೆಗೆ ಮುತ್ತಿಟ್ಟ. ನನ್ನ ಮೂಗಿಗೆಲ್ಲ ನೊರೆ ಮೆತ್ತಿಕೊಂಡಿತು. ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಅವನ ಅಮ್ಮ.

"ಅಯ್ಯೋ ದೇವರೇ, ನನ್ನ ಮಗನ ಮುಖ!" ಎಂದು ಕೂಗಿದವರು ನನ್ನ ಮೂಗು ನೋಡಿ ತಡೆದರು. ಅವನನ್ನು ನೋಡಿದರು, ನನ್ನನ್ನು ನೋಡಿದರು.

"ಕೇಳಿದ್ನಾ? ಸೋತ ಮೇಲೂ?"

"ಹೂಂ ಅತ್ತೆ," ಎಂದೆ. "ಸೋತ ಮೇಲೇ."